ಉಂಬಳದ ಹಳ್ಳ, ಜೇನಿನ ಗುಡ್ಡ: ಬಾಣಂತನಕ್ಕೆ ಬ್ರಿಸ್ಬೇನಿಗೆ ಹೋದವರು ಊರು ನೋಡುವುದು ಹೇಗೆ

ಹೋದ ವಾರ ಹಾಸನದಿಂದ ನಾದಿನಿಯ ಫೋನ್ ಬಂತು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆ, ಇವಳಿಗೆ ನವೆಂಬರಿಗೆ ಟಿಕೆಟ್ ಆಗಿದೆ. ಖುಷಿಗಿಂತ ಗಾಬರಿಯೇ ಜಾಸ್ತಿ ಇತ್ತು. "ಅತ್ತಿಗೆ, ಮಗುಗೆ ನೀರು ಹಾಕಿ ಮಲಗಿಸಿದ ಮೇಲೆ ಅಲ್ಲಿ ಏನ್ ಮಾಡೋದು? ಆರು ತಿಂಗಳು!" ಎಂದಳು.

ಅವಳ ಕಷ್ಟ ನನಗೆ ಗೊತ್ತು. ನಾನು ಮೂಡಿಗೆರೆ ಕಡೆಯ ತೋಟದವಳು. ಬೆಳಗ್ಗೆ ಎದ್ದರೆ ಆಳುಗಳ ಮಾತು, ನಾಯಿ, ಕೋಳಿ, ಪಂಪ್‌ಸೆಟ್ ಸದ್ದು. ಮೊದಲ ಸಲ ಬ್ರಿಸ್ಬೇನಿಗೆ ಹೋದಾಗ ಆ ಬೀದಿಯ ಮೌನಕ್ಕೆ ಕಿವಿ ಗುಂಯ್ ಎನ್ನುತ್ತಿತ್ತು. ಮೊದಲ ಒಂದು ತಿಂಗಳನ್ನು ಕಿಟಕಿ ಪಕ್ಕ ಕೂತೇ ಕಳೆದೆ. ಮಗಳು, ಅಳಿಯ ಭಾನುವಾರ ಕಾರಿನಲ್ಲಿ ಮಾಲ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಮಾಲ್ ನೋಡಲು ಅಷ್ಟು ದೂರ ಹೋಗಬೇಕಾ?

ನನ್ನನ್ನು ಹೊರಗೆ ಎಳೆದದ್ದು ಒಂದು ಮರ. ಪಕ್ಕದ ಮನೆಯ ಬೇಲಿಯಾಚೆ ಚಿನ್ನದ ಬಣ್ಣದ ಹೂವು ಮುತ್ತಿಕೊಂಡು ನಿಂತಿತ್ತು. ಎಲೆ ನೋಡಿದರೆ ಗುರುತಿದೆ, ಹೂವು ನೋಡಿದರೆ ಇಲ್ಲ. ಹತ್ತಿರ ಹೋಗಿ ತೊಗಟೆ ಮುಟ್ಟಿದೆ. ನಮ್ಮ ಸಿಲ್ವರ್ ಓಕ್! ತೋಟದಲ್ಲಿ ಸಾವಿರಗಟ್ಟಲೆ ಇದೆ. ವರ್ಷವರ್ಷ ಮರಗಸಿ ಮಾಡಿಸಿ, ಕಂಬದ ಹಾಗೆ ಬೋಳಿಸಿ, ಮೆಣಸಿನ ಬಳ್ಳಿ ಹಬ್ಬಿಸಿರುತ್ತೇವೆ. ಅದು ತಲೆ ತುಂಬ ಹೂ ಬಿಟ್ಟಿದ್ದನ್ನು ನಾನು ಹಾಗೆ ನಿಂತು ನೋಡಿಯೇ ಇರಲಿಲ್ಲ. ಅದರ ತವರು ಆ ಕಡೆಯೇ ಅಂತೆ, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ದಕ್ಷಿಣ ಭಾಗ ಮತ್ತು ಅದರ ಕೆಳಗಿನ ಕರಾವಳಿ. ನಾನು ಮಗಳ ಮನೆಗೆ ಬಂದವಳು, ಮರ ಅದರ ತವರಿನಲ್ಲಿತ್ತು. ಅವತ್ತಿನಿಂದ ಸಂಜೆ ಹೊತ್ತು ಮನೆಯಲ್ಲಿ ಕೂರಲಿಲ್ಲ.

ನಾದಿನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ನಮ್ಮ ಹಾಸನ, ಚಿಕ್ಕಮಗಳೂರಿನಿಂದ ಹೀಗೆ ಹೋಗುವವರು ಈಗ ಮನೆಗೊಬ್ಬರು ಇದ್ದಾರಲ್ಲ.

ಹೊರಡುವ ಮುಂಚೆ: ಚಪ್ಪಲಿ ತೊಳೆಯಿರಿ

ಇದು ತಮಾಷೆಯಲ್ಲ. ವಿಮಾನ ಇಳಿಯುವಾಗ ಒಂದು ಕಾರ್ಡ್ ತುಂಬಬೇಕು. ಕಳೆದ 30 ದಿನಗಳಲ್ಲಿ ತೋಟ, ಹೊಲ, ದನಕರುಗಳ ಹತ್ತಿರ ಹೋಗಿದ್ದಿರಾ ಎಂಬ ಪ್ರಶ್ನೆ ಅದರಲ್ಲಿರುತ್ತದೆ. ತೋಟದವರಾದ ನಾವು "ಹೌದು" ಎಂದೇ ಬರೆಯಬೇಕು. ಹೌದು ಎಂದರೆ ತೊಂದರೆಯಿಲ್ಲ. ಇಲ್ಲ ಎಂದು ಬರೆದು ಶೂನಲ್ಲಿ ಮಣ್ಣು ಸಿಕ್ಕಿದರೆ ತೊಂದರೆ. ಹಳೆ ಹಲ್ಲುಜ್ಜುವ ಬ್ರಷ್ ತಗೊಂಡು ಅಟ್ಟೆಯ ಗೆರೆಗೆರೆ ಉಜ್ಜಿ, ಬಿಸಿಲಿಗೆ ಒಣಗಿಸಿ.

ತಿನ್ನುವ ಸಾಮಾನು ಏನೇ ಇದ್ದರೂ ಕಾರ್ಡಿನಲ್ಲಿ ಬರೆಯಿರಿ. ನಾನು ಹುರಿದ ಕಾಫಿಪುಡಿ ತಗೊಂಡು ಹೋಗಿದ್ದೆ. ಬರೆದೆ, ತೋರಿಸಿದೆ, ನೋಡಿ ಬಿಟ್ಟರು. ಹಸಿ ಬೀಜ, ಗಿಡದ ಕಡ್ಡಿ, ಪೂಜೆಯ ಹೂವು, ಮಾವಿನ ಎಲೆ ಇವೆಲ್ಲ ಬೇಡವೇ ಬೇಡ. ತೋಟಕ್ಕೆ ಹೊರಗಿನ ರೋಗ ಬಂದರೆ ಏನಾಗುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಷ್ಟು ಜೊತೆಗಿರಲಿ: ಒಂದು ಸಣ್ಣ ನೋಟ್‌ಬುಕ್, ಪೆನ್, ಚಿಕ್ಕ ಟಾರ್ಚ್, ಅಗಲ ಅಂಚಿನ ಟೋಪಿ, ಕಿವಿಗೆ ಹತ್ತಿ. ಹತ್ತಿ ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ರೈಲಿನ ಬೋರ್ಡ್ ಓದುವುದು

ಬ್ರಿಸ್ಬೇನಿನಲ್ಲಿ ಬಸ್ಸು, ರೈಲು, ನದಿಯ ದೋಣಿ ಯಾವುದಕ್ಕಾದರೂ ಒಂದು ಸಲಕ್ಕೆ 50 ಸೆಂಟ್ ಮಾತ್ರ. 2024ರ ಆಗಸ್ಟಿನಿಂದ ಹೀಗೆ ಮಾಡಿದ್ದಾರೆ. ನಮ್ಮ ದುಡ್ಡಲ್ಲಿ ಒಂದೆರಡು ಲೋಟ ಕಾಫಿಯ ಬೆಲೆ ಅಷ್ಟೆ. ಹಾಗಾಗಿ ಮಗು ಮಲಗಿದಾಗ ಮಗಳಿಗೆ ಹೇಳಿ, ಸುಮ್ನೆ ರೈಲು ಹತ್ತಿ ನಾಲ್ಕು ಸ್ಟೇಷನ್ ಹೋಗಿ ವಾಪಸ್ ಬನ್ನಿ.

ಇಪ್ಸ್ವಿಚ್ ಕಡೆಯ ರೈಲಿನಲ್ಲಿ ಎಡಗಡೆ, ಬಲಗಡೆ ಬೋರ್ಡ್ ಓದುತ್ತಾ ಕೂರಿ. ಮಿಲ್ಟನ್ ಬರುತ್ತದೆ, ಅದು ಇಂಗ್ಲಿಷರ ಹೆಸರು, ಬಿಡಿ. ಆಮೇಲೆ ಟುವಾಂಗ್. ಇದು ಅಲ್ಲಿನ ಮೂಲ ಜನರ ಭಾಷೆಯ ಹೆಸರು. ಟುವಾಂಗ್ ಎಂದರೆ ಕೋಗಿಲೆ. ಕೋಗಿಲೆ ಹೇಗೆ ಕೂಗುತ್ತದೋ ಹಾಗೆಯೇ ಅದಕ್ಕೆ ಹೆಸರಿಟ್ಟರು, ಕೋಗಿಲೆ ಇದ್ದ ಜಾಗಕ್ಕೂ ಅದೇ ಹೆಸರಾಯಿತು. ನಮ್ಮ ಕೋಗಿಲೆಯ ದಾಯಾದಿ ಅದು. ಸೆಪ್ಟೆಂಬರ್ ಹೊತ್ತಿಗೆ ಉತ್ತರದ ದ್ವೀಪಗಳಿಂದ ಬಂದು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತದೆ. ನವೆಂಬರಿನಲ್ಲಿ ಹೋದರೆ ರಾತ್ರಿ ಮೂರು ಗಂಟೆಗೂ ಕೂಗಿ ಎಬ್ಬಿಸುತ್ತದೆ. ಅಲ್ಲಿನವರು ಅದಕ್ಕೆ ಬೈಯುತ್ತಾರೆ. ನನಗೆ ಮಾತ್ರ ಅದೊಂದೇ ಪರಿಚಯದ ದನಿ.

ಮುಂದಿನದು ತಾರಿಂಗ, ಕಲ್ಲಿನ ಜಾಗ. ಅದರ ಮುಂದೆ ಇಂಡೂರುಪಿಲ್ಲಿ. ಮೊದಲ ಸಲ ಓದಿದಾಗ ಯಾವುದೋ ತಮಿಳುನಾಡಿನ ಊರು ಅಂದುಕೊಂಡೆ. ಅದರ ಅರ್ಥ ಕೇಳಿದ ಮೇಲೆ ರೈಲಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಉಂಬಳದ, ಅಂದರೆ ಜಿಗಣೆಯ, ಹಳ್ಳ! ಜೂನ್ ತಿಂಗಳಲ್ಲಿ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ತೋಟಕ್ಕೆ ಇಳಿಯುವ ನಾನು ಒಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ದೂರ ಹೋಗಿ ಉಂಬಳದ ಹಳ್ಳದಲ್ಲಿ ಇಳಿದೆ. ಈಗ ಅಲ್ಲಿ ಉಂಬಳವಿಲ್ಲ, ಅದೇ ಮಗಳ ಮಾಲ್ ಇದೆ. ಹರಿಯುವ ನೀರಿನ ಹಳ್ಳ ಎಂದೂ ಕೆಲವರು ಅರ್ಥ ಹೇಳುತ್ತಾರೆ. ನನ್ನ ವೋಟು ಉಂಬಳಕ್ಕೆ.

ಇನ್ನೊಂದು ದಿಕ್ಕಿನಲ್ಲಿ ಎನೋಗೆರಾ ಎಂಬ ಜಾಗವಿದೆ. ಹಾಡಿ ಕುಣಿಯುವ ಜಾಗ ಎಂಬ ಅರ್ಥದ ಮಾತನ್ನು ಬಿಳಿಯರು ಕಿವಿಗೆ ಬಿದ್ದ ಹಾಗೆ ಬರೆದು ಹೀಗೆ ಮಾಡಿದ್ದಾರೆ. ಅರ್ಥಗಳ ಬಗ್ಗೆ ಜಗಳ ಇರುವುದೂ ಇದಕ್ಕೇ. ಮಡಿಕೇರಿಯನ್ನು ಮರ್ಕಾರಾ ಮಾಡಿದವರ ಅಣ್ಣತಮ್ಮಂದಿರೇ ಅಲ್ಲಿಗೂ ಹೋದದ್ದಲ್ವಾ?

ನೋಟ್‌ಬುಕ್ ಬೇಕಾಗುವುದು ಇಲ್ಲಿಯೇ. ಇಂಗ್ಲಿಷಲ್ಲದ ಹೆಸರು ಕಂಡ ಕೂಡಲೇ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಗೆ ಬಂದು ಮೊಮ್ಮಕ್ಕಳ ಕೈಲಿ ಹುಡುಕಿಸಿ, ಇಲ್ಲವೇ ಲೈಬ್ರರಿಯಲ್ಲಿ ಕೇಳಿ. ಬ್ರಿಸ್ಬೇನ್ ಎಂಬುದು ಒಬ್ಬ ಗವರ್ನರನ ಹೆಸರು. ಟರ್ಬಲ್ ಮತ್ತು ಯಗೆರಾ ಎಂಬ ಜನ ಅದರ ನೆಲದ ಮೂಲದವರು. ಊರಿನ ನಡು ಭಾಗವನ್ನು ಮಿಯಾಂಜಿನ್ ಎನ್ನುತ್ತಾರೆ. ಮೊನೆಯಂತೆ ಚಾಚಿದ ನೆಲ ಎಂದು ಅರ್ಥ. ನದಿ ಅಲ್ಲಿ ಹಾವಿನ ಹಾಗೆ ತಿರುಗುತ್ತದೆ. ದೋಣಿಯಲ್ಲಿ ಹೋದರೆ ಆ ಮೊನೆ ಕಣ್ಣಿಗೇ ಕಾಣುತ್ತದೆ. ನಮ್ಮ ಚಿಕ್ಕಮಗಳೂರಿನ ಹೆಸರು ಚಿಕ್ಕ ಮಗಳದು, ಪಕ್ಕದ ಹಿರೇಮಗಳೂರು ದೊಡ್ಡ ಮಗಳದು ಎಂದು ನಾವು ಹೇಳಿದರೆ ಅಲ್ಲಿನವರು ಕಣ್ಣರಳಿಸಿ ಕೇಳುತ್ತಾರೆ. ಹೆಸರಿಗೆ ಹೆಸರು ಕೊಟ್ಟು ಮಾತು ಶುರು ಮಾಡಿ, ಇಂಗ್ಲಿಷ್ ಅರ್ಧ ಬಂದರೂ ಸಾಕು.

ಜೇನಿನ ಗುಡ್ಡ

ಊರಿನ ಪಕ್ಕ ಮೌಂಟ್ ಕೂಟಾ ಎಂಬ ಗುಡ್ಡವಿದೆ. ಎತ್ತರ 287 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್ ಕಂಡವರು ಅದನ್ನು ಮೌಂಟ್ ಎನ್ನುವಾಗ ನಗಬೇಡಿ, ನಾನು ನಕ್ಕು ಅಳಿಯನಿಂದ ಮಾತು ಕೇಳಿದ್ದೇನೆ. ಕೂಟಾ ಎಂದರೆ ಅಲ್ಲಿನ ಭಾಷೆಯಲ್ಲಿ ಜೇನು. ಅದೂ ಯಾವ ಜೇನು ಗೊತ್ತಾ? ಕಡಿಯದ ಪುಟ್ಟ ಕರಿ ಜೇನು. ನಮ್ಮ ಮಿಸ್ರಿ ಜೇನಿನ, ಘಟ್ಟದ ಕೆಳಗಿನವರ ಮುಜಂಟಿಯ ಬಳಗ. ಮೂಲ ಜನ ಈ ಗುಡ್ಡಕ್ಕೆ ಜೇನು ಕೀಳಲು ಬರುತ್ತಿದ್ದರಂತೆ.

ಈ ಜೇನನ್ನು ನೋಡಲು ಗುಡ್ಡ ಹತ್ತಲೇಬೇಕೆಂದಿಲ್ಲ. ಬ್ರಿಸ್ಬೇನಿನ ಎಷ್ಟೋ ಮನೆಗಳ ಹಿತ್ತಲಲ್ಲಿ ಮರದ ಪೆಟ್ಟಿಗೆಯಲ್ಲಿ ಸಾಕಿರುತ್ತಾರೆ. ಕಾಡುಮರದಲ್ಲಿ ಹುಡುಕುವುದಾದರೆ ಹೀಗೆ ಮಾಡಿ. ಬೆಳಗ್ಗೆ ತಂಪಿರುವಾಗ ಹೋಗಬೇಡಿ. 18 ಡಿಗ್ರಿಗಿಂತ ಕಡಿಮೆ ಇದ್ದರೆ ಇವು ಗೂಡು ಬಿಟ್ಟು ಹೊರಡುವುದಿಲ್ಲ. ಒಂಬತ್ತು, ಹತ್ತು ಗಂಟೆಗೆ ಬಿಸಿಲು ಬೀಳುವ ಹಳೆ ನೀಲಗಿರಿ ಮರದ ಕಾಂಡ ನೋಡಿ. ಬಿರುಕಿನ ಸುತ್ತ ಕಪ್ಪು ಅಂಟು ಮೆತ್ತಿದಂತಿರುತ್ತದೆ. ಮರದ ಮೇಣಕ್ಕೆ ತನ್ನ ಮೇಣ ಕಲೆಸಿ ಬಾಗಿಲು ಕಟ್ಟಿಕೊಂಡಿರುತ್ತದೆ. ಅಲ್ಲೇ ನಿಂತು ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ. ನೊಣ ಎಂದುಕೊಂಡದ್ದು ಜೇನಾಗಿರುತ್ತದೆ. ಉದ್ದ ನಾಲ್ಕು ಮಿಲಿಮೀಟರ್ ಅಷ್ಟೆ. ನಮ್ಮ ಮನೆಯ ಹಳೆ ಗೋಡೆಯ ಸಂದಿಯಲ್ಲಿ ಮಿಸ್ರಿ ಕೊಳವೆ ಇಟ್ಟಿದ್ದನ್ನು ನೋಡಿದ್ದರೆ ಗುರುತು ಹಿಡಿಯುವುದು ಸುಲಭ.

ಯಾರಾದರೂ ಪೆಟ್ಟಿಗೆ ಬಿಚ್ಚುವಾಗ ಕರೆದರೆ ತಪ್ಪಿಸಬೇಡಿ. ತುಡುವೆ ಜೇನಿನ ಹಾಗೆ ಎರಿ ತೂಗುಹಾಕಿರುವುದಿಲ್ಲ. ಮರಿಗಳ ಕೋಣೆಗಳು ಚಕ್ಕುಲಿ ಸುತ್ತಿದಂತೆ ಒಂದರ ಮೇಲೊಂದು ಸುರುಳಿಯಾಗಿ ಏರುತ್ತವೆ. ಬದಿಯಲ್ಲಿ ಮೇಣದ ಪುಟ್ಟ ಕುಡಿಕೆಗಳಲ್ಲಿ ಜೇನುತುಪ್ಪ. ಒಂದು ಪೆಟ್ಟಿಗೆಗೆ ವರ್ಷಕ್ಕೆ ಒಂದು ಕಿಲೋ ಸಿಕ್ಕರೆ ಹೆಚ್ಚು. ರುಚಿ ಸ್ವಲ್ಪ ಹುಳಿ. ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಇದರಲ್ಲಿ ಬಹಳ ಇದೆ ಎಂದು 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಅದು ರಕ್ತಕ್ಕೆ ನಿಧಾನವಾಗಿ ಸೇರುವ ಸಕ್ಕರೆ. ನಮ್ಮಜ್ಜಿ ಮಿಸ್ರಿ ತುಪ್ಪವನ್ನು ಊಟಕ್ಕೆ ಕೊಡುತ್ತಿರಲಿಲ್ಲ, ಔಷಧಿಗೆ ಎಂದು ಸೀಸೆಯಲ್ಲಿ ಎತ್ತಿಡುತ್ತಿದ್ದರು.

ಗೆದ್ದಲು ಕೊರೆದ ವಾದ್ಯ

ಜೇನಿನ ಮಾತು ಇಷ್ಟು ಉದ್ದ ಮಾಡಿದ್ದಕ್ಕೆ ಕಾರಣವಿದೆ. ಆಸ್ಟ್ರೇಲಿಯಾ ಎಂದರೆ ನಾವು ಟೀವಿಯಲ್ಲಿ ಕಂಡ ಆ ಉದ್ದ ಕೊಳವೆ ವಾದ್ಯ ಇದೆಯಲ್ಲ, ಡಿಜರಿಡೂ, ಅದರ ಬಾಯಿಗೆ ಹಚ್ಚುವುದು ಈ ಕಾಡುಜೇನಿನ ಮೇಣವನ್ನೇ. ತುಟಿ ಒತ್ತಿಕೊಂಡರೂ ನೋಯಬಾರದು, ಗಾಳಿ ಸೋರಬಾರದು ಎಂದು.

ಕೊಳವೆ ಮಾಡುವುದು ಮನುಷ್ಯರಲ್ಲ, ಗೆದ್ದಲು. ನೀಲಗಿರಿ ಜಾತಿಯ ಜೀವಂತ ಮರದ ತಿರುಳನ್ನು ಅದು ಒಳಗಿಂದ ತಿಂದು ಪೊಳ್ಳು ಮಾಡುತ್ತದೆ. ಬಲ್ಲವರು ಕಾಡಿಗೆ ಹೋಗಿ ಕಾಂಡವನ್ನು ತಟ್ಟಿ ತಟ್ಟಿ ಕೇಳುತ್ತಾರೆ, ನಾವು ಹಲಸಿನಕಾಯಿ ತಟ್ಟಿದ ಹಾಗೆ. ಸರಿಯಾಗಿ ಪೊಳ್ಳಾದ ಮರ ಸಿಕ್ಕಿದರೆ ಮಾತ್ರ ಕಡಿಯುತ್ತಾರೆ. ಇದನ್ನು ಕೇಳಿದಾಗ ನನಗೆ ನಮ್ಮ ಅರೇಬಿಕಾ ಕಾಫಿ ಗಿಡದ ಬೋರರ್ ನೆನಪಾಯಿತು. ಅದೂ ಕಾಂಡ ಕೊರೆಯುವ ಹುಳವೇ. ಬೋರರ್ ಬಿದ್ದ ಗಿಡ ಕಂಡರೆ ಕಿತ್ತು ಸುಡುತ್ತೇವೆ. ಅಲ್ಲಿ ಹುಳ ಕೊರೆದ ಮರದಿಂದ ಹಾಡು ತೆಗೆದಿದ್ದಾರೆ. ನಮ್ಮ ಬೋರರ್‌ನಿಂದ ಯಾರೂ ಇನ್ನೂ ಏನೂ ತೆಗೆದಿಲ್ಲ, ಸಾಲ ಬಿಟ್ಟರೆ.

ಊದುವವರು ಉಸಿರು ಕಡಿಯದೆ ಊದುತ್ತಾರೆ. ಮೂಗಿನಿಂದ ಎಳೆದುಕೊಳ್ಳುತ್ತಾ ಕೆನ್ನೆಯ ಗಾಳಿ ಹೊರಗೆ ತಳ್ಳುವುದು. ಪುಂಗಿ ಊದುವವರ ವಿದ್ಯೆಯೇ. ಮೊದಲ ಸಲ ಕೇಳುವಾಗ ರಾಗ ಹುಡುಕಬೇಡಿ. ಒಂದೇ ಶ್ರುತಿ ಇರುತ್ತದೆ, ಅದರೊಳಗೆ ಏನೇನು ಕೂಗುತ್ತಿದೆ ಎಂದು ಕೇಳಿ. ನಾಯಿ, ಹಕ್ಕಿ, ಓಡುವ ಹೆಜ್ಜೆ ಎಲ್ಲ ಬರುತ್ತದೆ.

ಒಂದು ತಪ್ಪು ತಿಳಿವಳಿಕೆ ಬಿಡಿ. ಇದು ಬ್ರಿಸ್ಬೇನಿನ ನೆಲದ ವಾದ್ಯವಲ್ಲ. ದೇಶದ ಉತ್ತರ ತುದಿಯ ಜನರದು. ಆರ್ನೆಮ್ ಲ್ಯಾಂಡಿನ ಯೋಲ್ಞು ಜನ ಅದನ್ನು ಯಿಡಾಕಿ ಎನ್ನುತ್ತಾರೆ. ಬ್ರಿಸ್ಬೇನ್ ಕಡೆ ಹಾಡಿಗೆ ತಾಳವೇ ಮುಖ್ಯ. ಕೋಲಿಗೆ ಕೋಲು ತಟ್ಟುವುದು, ಎರಡು ಬೂಮರಾಂಗ್ ಒಂದಕ್ಕೊಂದು ಬಡಿಯುವುದು. ಕೋಲಾಟ ಆಡಿದ ಕೈಗಳಿಗೆ ಅದು ಕೂಡಲೇ ತಿಳಿಯುತ್ತದೆ. ವೀರಗಾಸೆ ಕಂಡು ಕರ್ನಾಟಕವೆಲ್ಲ ಹೀಗೇ ಕುಣಿಯುತ್ತದೆ ಎಂದರೆ ನಮಗೆ ಹೇಗನ್ನಿಸುತ್ತದೆ, ಹಾಗೆಯೇ ಇದೂ.

ಕೊಳ್ಳುವುದಾದರೆ ಎಚ್ಚರ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಚುಕ್ಕಿ ಚಿತ್ತಾರದ ಡಿಜರಿಡೂ ಸಿಗುತ್ತದೆ. ಒಳಗೆ ಬೆರಳು ಹಾಕಿ ನೋಡಿ. ನುಣ್ಣಗಿದ್ದು, ಗಿಣ್ಣಿನ ಗುರುತಿದ್ದರೆ ಅದು ಬಿದಿರು. ಬೇರೆ ದೇಶದಲ್ಲಿ ಮಾಡಿ ತಂದದ್ದು. ಮಾಡಿದವರು ಯಾರು, ಯಾವ ನೆಲದವರು ಎಂದು ಕೇಳಿ. ಉತ್ತರ ಬರದಿದ್ದರೆ ಇಟ್ಟು ಬನ್ನಿ. ಇನ್ನೊಂದು, ಕೆಲವು ಸಮುದಾಯಗಳಲ್ಲಿ ಹೆಂಗಸರು ಇದನ್ನು ಊದುವುದಿಲ್ಲ. ಯಾರಾದರೂ ಕೈಗೆ ಕೊಟ್ಟರೆ "ನಾನು ಊದಬಹುದಾ?" ಎಂದು ಒಂದು ಮಾತು ಕೇಳುವುದು ಒಳ್ಳೆಯದು.

ಜನವರಿ 26 ಮತ್ತು ನನ್ನ ಮೈಸೂರು ಪಾಕ್

ಇದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ, ನೀವು ಮಾಡಬಾರದು ಎಂದು.

ನಮ್ಮ ಗಣರಾಜ್ಯೋತ್ಸವದ ದಿನವೇ ಅಲ್ಲಿ ಆಸ್ಟ್ರೇಲಿಯಾ ದಿನ. ಎರಡೂ ಒಂದೇ ದಿನ ಎಂದು ಖುಷಿಪಟ್ಟು ಮೈಸೂರು ಪಾಕ್ ಮಾಡಿದೆ. ಪಾರ್ಕಿನಲ್ಲಿ ದಿನಾ ಸಿಗುತ್ತಿದ್ದ ಒಬ್ಬ ಹಿರಿಯ ಹೆಂಗಸಿಗೂ ಡಬ್ಬಿಯಲ್ಲಿ ಕೊಟ್ಟು "ಹ್ಯಾಪಿ ಆಸ್ಟ್ರೇಲಿಯಾ ಡೇ" ಎಂದೆ. ಅವರು ಅಲ್ಲಿನ ಮೂಲ ಜನರವರು. ಡಬ್ಬಿ ತಗೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ನಮಗೆ ಹಬ್ಬ ಅಲ್ಲ ಕಣಮ್ಮ" ಎನ್ನುವ ಅರ್ಥದ ಮಾತು ಹೇಳಿದರು. 1788ರ ಜನವರಿ 26ರಂದು ಇಂಗ್ಲಿಷರು ಸಿಡ್ನಿಯಲ್ಲಿ ಬಾವುಟ ನೆಟ್ಟರು. ಮೂಲ ಜನರ ಪಾಲಿಗೆ ಅದು ನೆಲ ಹೋದ ದಿನ. ಆ ದಿನ ಬ್ರಿಸ್ಬೇನಿನಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟು ಮಸ್ಗ್ರೇವ್ ಪಾರ್ಕಿನತ್ತ ನಡೆಯುತ್ತಾರೆ. ಇಂಗ್ಲಿಷರು ನಮ್ಮಿಂದ ಹೊರಟುಹೋದ ಮೇಲೆ ನಾವು ಸಂವಿಧಾನ ತಂದ ದಿನ, ಅವರಿಗೆ ಇಂಗ್ಲಿಷರು ಬಂದಿಳಿದ ದಿನ. ಒಂದೇ ತಾರೀಖು. ನನಗೆ ಗೊತ್ತೇ ಇರಲಿಲ್ಲ.

ಮೈಸೂರು ಪಾಕ್ ಮಾತ್ರ ತಿಂದರು. ಇನ್ನೂ ಸ್ವಲ್ಪ ತುಪ್ಪ ಬೇಕಿತ್ತು ಅನ್ನಿಸಿತು ನನಗೆ.

ವೆಸ್ಟ್ ಎಂಡ್ ಎಂಬಲ್ಲಿ ಬೌಂಡರಿ ಸ್ಟ್ರೀಟ್ ಇದೆ. ಈಗ ಕಾಫಿ ಅಂಗಡಿ, ತರಕಾರಿ, ಹಾಡುವ ಹುಡುಗರಿಂದ ತುಂಬಿದ ಚೆಂದದ ಬೀದಿ. ಹೆಸರು ಬಂದದ್ದು ಹೀಗೆ: 19ನೇ ಶತಮಾನದಲ್ಲಿ ಅದು ಪಟ್ಟಣದ ಗಡಿ. ಸಂಜೆ ನಾಲ್ಕರ ಮೇಲೆ, ಭಾನುವಾರ ಇಡೀ ದಿನ, ಮೂಲ ಜನ ಆ ಗೆರೆಯ ಒಳಗೆ ಇರುವಂತಿರಲಿಲ್ಲ. ಕುದುರೆ ಪೊಲೀಸರು ಚಾಟಿ ಬೀಸಿ ಹೊರಗೆ ಅಟ್ಟುತ್ತಿದ್ದರು. ಅಯ್ಯೋ ಪಾಪ ಎನ್ನುವ ಮುಂಚೆ ನಮ್ಮ ಹಳ್ಳಿಯಲ್ಲಿ ಊರು ಎಲ್ಲಿ ಮುಗಿದು ಕೇರಿ ಎಲ್ಲಿ ಶುರುವಾಗುತ್ತಿತ್ತು ಎಂದು ನಾನು ನೆನೆಸಿಕೊಂಡೆ. ಬಾಯಿ ಮುಚ್ಚಿಕೊಂಡೆ.

ನಡೆದುಕೊಳ್ಳುವ ರೀತಿ ಬಗ್ಗೆ ಇಷ್ಟು ಸಾಕು. ಸಭೆ ಶುರುವಾಗುವಾಗ ನೆಲದ ಮೂಲದವರನ್ನು ನೆನೆಯುವ ಮಾತು ಹೇಳುತ್ತಾರೆ, ಆಗ ಮೊಬೈಲ್ ನೋಡಬೇಡಿ. ಸ್ವಾಗತದ ಮಾತನ್ನು ಆ ನೆಲದ ಹಿರಿಯರೇ ಹೇಳಬೇಕು, ನೆನೆಯುವ ಮಾತನ್ನು ಯಾರು ಬೇಕಾದರೂ ಹೇಳಬಹುದು. ಕೇಳದೆ ಫೋಟೋ ತೆಗೆಯಬೇಡಿ. ಬಣ್ಣ ನೋಡಿ "ನೀವು ನಿಜವಾಗಿ ಮೂಲದವರಾ?" ಎಂದು ಕೇಳಬೇಡಿ. ಕ್ವೀನ್ಸ್‌ಲ್ಯಾಂಡ್ ಕಡೆಯ ಮೂಲ ಜನ ತಮ್ಮನ್ನು ಮರ್ರಿ ಎಂದುಕೊಳ್ಳುತ್ತಾರೆ. ಜುಲೈ ಮೊದಲ ಭಾಗದಲ್ಲಿ ನೀವು ಅಲ್ಲಿದ್ದರೆ ಮೂಲ ಜನರ ಹಬ್ಬವಾದ ನೈಡಾಕ್ ವಾರ ಸಿಗುತ್ತದೆ. ಹಾಡು, ಕುಣಿತ, ಊಟ ಎಲ್ಲಕ್ಕೂ ಎಲ್ಲರಿಗೂ ಕರೆ ಇರುತ್ತದೆ.

ಹಾಡು ಕೇಳಲು ಎಲ್ಲಿಗೆ ಹೋಗಬೇಕು

ಮನೆಯಲ್ಲಿದ್ದೇ ಶುರು ಮಾಡಿ. ಅಡುಗೆಮನೆಯ ರೇಡಿಯೋದಲ್ಲಿ 98.9 ಹಾಕಿ. ಮರ್ರಿ ಜನರದೇ ಸ್ಟೇಷನ್, 1993ರಲ್ಲಿ ಶುರುವಾದದ್ದು. ಗಿಟಾರ್ ಹಿಡಿದು ಕಥೆ ಹೇಳುವಂಥ ಹಾಡು ಜಾಸ್ತಿ. ಅಮ್ಮ, ದನ, ದೂರದ ರಸ್ತೆ, ಬಿಟ್ಟುಬಂದ ಊರು. ಸೋಬಾನೆಯಲ್ಲಿ ಹೆಣ್ಣು ಒಪ್ಪಿಸುವ ಪದ ಹಾಡಿದವರಿಗೆ ಅದರ ಧಾಟಿ ಹಿಡಿಯಲು ಹೊತ್ತು ಬೇಡ.

ಇನ್ನೊಂದು 102.1, ಅಲ್ಲಿನವರು ಫೋರ್ ಟ್ರಿಪಲ್ ಝೆಡ್ ಎನ್ನುತ್ತಾರೆ. 1975ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಹುಡುಗರು ಶುರು ಮಾಡಿದ್ದು. ಇಲ್ಲಿ ತುರ್ತುಪರಿಸ್ಥಿತಿ ಇದ್ದ ವರ್ಷ ನೋಡಿ. ಅಲ್ಲೂ ಆ ಕಾಲದಲ್ಲಿ ರಾಜ್ಯ ಸರ್ಕಾರ ಬಿಗಿಯಾಗಿತ್ತು, 1977ರಲ್ಲಿ ಬೀದಿ ಮೆರವಣಿಗೆಗಳನ್ನೇ ತಡೆದರು. ಹುಡುಗರು ಸಿಟ್ಟನ್ನೆಲ್ಲ ಗಿಟಾರಿಗೆ ಹಾಕಿದರು. ಆ ಗಲಾಟೆ ಹಾಡು ನನ್ನ ಕಿವಿಗೆ ಒಗ್ಗಲಿಲ್ಲ. ಆದರೆ ಆಗ ಹುಟ್ಟಿದ ಗೋ-ಬಿಟ್ವೀನ್ಸ್ ಎಂಬ ತಂಡದ ಹೆಸರನ್ನು 2010ರಲ್ಲಿ ತೆರೆದ ನದಿಯ ಒಂದು ಸೇತುವೆಗೇ ಇಟ್ಟಿದ್ದಾರೆ. ಹಾಡುವವರ ಹೆಸರಿನ ಸೇತುವೆ! ನಮ್ಮಲ್ಲಿ ಮೋರಿಗೂ ಉದ್ಘಾಟನೆ ಮಾಡಿದವರ ಹೆಸರು ಕಲ್ಲಲ್ಲಿ ಕೆತ್ತಿರುತ್ತದೆ.

ಹೊರಗೆ ಹೋಗಿ ಕೇಳುವುದಾದರೆ, ನಮ್ಮ ವಯಸ್ಸಿನವರಿಗೆ ಕಾಂಗರೂ ಪಾಯಿಂಟಿನ ಜಾಝ್ ಕ್ಲಬ್ ಚೆನ್ನ. ನದಿಯ ದಡದಲ್ಲೇ ಇದೆ, ಕೂತು ಕೇಳಬಹುದು, ಪಕ್ಕದಲ್ಲಿರುವವರೂ ನಮ್ಮ ವಯಸ್ಸಿನವರೇ. ಫಾರ್ಟಿಟ್ಯೂಡ್ ವ್ಯಾಲಿ ಹುಡುಗರ ಜಾಗ. ಅಳಿಯ ಒಂದು ರಾತ್ರಿ ಕರೆದುಕೊಂಡು ಹೋದ. ಹತ್ತಿ ತಗೊಂಡು ಹೋಗಿ ಎಂದದ್ದು ಇದಕ್ಕೆ. ಆದರೆ ಅಲ್ಲಿನ ಒಂದು ವ್ಯವಸ್ಥೆ ನನಗೆ ಹಿಡಿಸಿತು. 2006ರಲ್ಲಿ ಆ ಪ್ರದೇಶವನ್ನು ಹಾಡಿನ ಜಾಗ ಎಂದೇ ಗುರುತಿಸಿದರು, ಇಡೀ ದೇಶದಲ್ಲಿ ಅದೇ ಮೊದಲು. ಅಲ್ಲಿ ಹೊಸದಾಗಿ ಮನೆ ಕಟ್ಟುವವರು ಸದ್ದು ಒಳಗೆ ಬಾರದಂತೆ ಗೋಡೆ, ಕಿಟಕಿ ಮಾಡಿಸಿಕೊಳ್ಳಬೇಕು. ಹಾಡುವ ಅಂಗಡಿಗೂ ಸದ್ದಿನ ಮಿತಿ ಇದೆ. ಸದ್ದು ಎಲ್ಲಿ ಇರಬೇಕೋ ಅಲ್ಲಿ. ನಮ್ಮ ಗಿರಿಯ ಕಡೆ ವಾರಾಂತ್ಯಕ್ಕೆ ಬಂದು ಹೋಂಸ್ಟೇ ಅಂಗಳದಲ್ಲಿ ಡೀಜೆ ಹಾಕಿಸುವವರನ್ನು ನೆನೆಸಿಕೊಂಡೆ. ಕಾಡಿನ ನಡುವೆ ಬಂದು ಕಾಡಿನ ಬಾಯಿ ಮುಚ್ಚಿಸುತ್ತಾರೆ.

ಡಿಸೆಂಬರ್ 27ರಿಂದ ಜನವರಿ 1ರವರೆಗೆ ವುಡ್‌ಫರ್ಡ್ ಎಂಬಲ್ಲಿ ಜನಪದ ಹಾಡಿನ ಜಾತ್ರೆ ನಡೆಯುತ್ತದೆ. ಬ್ರಿಸ್ಬೇನಿನಿಂದ ಸುಮಾರು 70 ಕಿಲೋಮೀಟರ್. ಅದು ಜಿನಿಬಾರಾ ಜನರ ನೆಲ. ಟಿಕೆಟ್ ದುಬಾರಿ, ಬಿಸಿಲು ಜೋರು, ಕೆಸರೂ ಇರಬಹುದು. ಎಳೆಗೂಸು ಇರುವ ಮನೆಯವರಿಗೆ ಆಗುವ ಮಾತಲ್ಲ. ನಾನು ಎರಡನೇ ಸಲ ಹೋದಾಗ ಒಂದು ದಿನಕ್ಕೆ ಹೋಗಿದ್ದೆ.

ಜೀರುಂಡೆ ಕೇಳುವ ಹೊತ್ತು

ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ. ಬೆಳಗ್ಗೆ ಐದಕ್ಕೂ ಮುಂಚೆ ಸೂರ್ಯ ಬಂದಿರುತ್ತಾನೆ. ಹಾಲು ಕುಡಿಸಲು ಎದ್ದ ಮಗಳ ಜೊತೆ ನಾವೂ ಎದ್ದರೆ ಹೊರಗೆ ಕಛೇರಿ ಶುರುವಾಗಿರುತ್ತದೆ. ಸಂಜೆ ಹೊತ್ತು ಮುಳುಗುವಾಗ ಇನ್ನೊಂದು ಸುತ್ತು.

ಅಲ್ಲಿನ ಜೀರುಂಡೆಗಳಿಗೆ ಜನ ಅಡ್ಡಹೆಸರು ಇಟ್ಟಿದ್ದಾರೆ. ಒಂದು "ಕತ್ತಿ ಸಾಣೆಯವ". ನಿಜಕ್ಕೂ ಸಾಣೆಕಲ್ಲಿಗೆ ಕತ್ತಿ ಹಿಡಿದ ಸದ್ದೇ. ಇನ್ನೊಂದು "ಜೋಡಿ ಡೋಲು", ಹೊಟ್ಟೆಯ ಎರಡು ಬದಿಗೆ ಡೋಲಿನಂಥ ಉಬ್ಬು. ಹಾಡುವುದು ಗಂಡು ಮಾತ್ರ. ರೆಕ್ಕೆ ಉಜ್ಜಿ ಅಲ್ಲ. ಹೊಟ್ಟೆಯ ಬದಿಯಲ್ಲಿ ಗೀರುಗೀರಾದ ಬಿಲ್ಲೆಯಂಥ ಪೊರೆ ಇದೆ. ಒಳಗಿನ ಸ್ನಾಯು ಎಳೆದಾಗ ಟಕ್ ಎಂದು ಒಳಕ್ಕೆ, ಬಿಟ್ಟಾಗ ಟಕ್ ಎಂದು ಹೊರಕ್ಕೆ. ಡಬ್ಬಿಯ ಮುಚ್ಚಳ ಒತ್ತಿ ಬಿಟ್ಟಂತೆ. ಸೆಕೆಂಡಿಗೆ ನೂರಾರು ಸಲ. ಹೊಟ್ಟೆ ಪೊಳ್ಳು, ಹಾಗಾಗಿ ಸದ್ದು ದೊಡ್ಡದಾಗುತ್ತದೆ. ಪೊಳ್ಳು ಮರ, ಪೊಳ್ಳು ಹೊಟ್ಟೆ, ವಿದ್ಯೆ ಒಂದೇ.

ಕೇಳುವ ಕ್ರಮ ಹೀಗೆ. ಮೊದಲು ಒಂದೇ ಮರದ ಕೆಳಗೆ ನಿಲ್ಲಿ. ಹತ್ತಿರ ಹೋದರೆ ಸುಮ್ಮನಾಗುತ್ತದೆ. ಅಲುಗಾಡದೆ ನೂರು ಎಣಿಸಿ, ಒಂದು ಶುರು ಮಾಡುತ್ತದೆ, ಉಳಿದವು ಸೇರಿಕೊಳ್ಳುತ್ತವೆ. ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಳ್ಳುವವರು ಇದ್ದಾರಲ್ಲ ಹಾಗೆ. ಕಾಂಡದ ಮೇಲೆ ಒಂದಾಳು ಎತ್ತರದೊಳಗೆ ಕಂದು ಬಣ್ಣದ ಖಾಲಿ ಪೊರೆ ಹುಡುಕಿ. ಮರಿ ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಕುಡಿದುಕೊಂಡಿದ್ದು, ಒಂದು ರಾತ್ರಿ ಮೇಲೆ ಬಂದು ಬೆನ್ನು ಸೀಳಿ ಬಿಟ್ಟುಹೋದ ಅಂಗಿ ಅದು. ಮೊಮ್ಮಕ್ಕಳ ಅಂಗಿಗೆ ಸಿಕ್ಕಿಸಿದರೆ ಕುಣಿದಾಡುತ್ತಾರೆ. ಮೂಡಿಗೆರೆಯಲ್ಲಿ ಏಪ್ರಿಲ್, ಮೇನಲ್ಲಿ ಜೀರುಂಡೆ ಕೂಗಿದರೆ ಮಳೆ ಬಂತು ಎನ್ನುತ್ತೇವೆ. ಅಲ್ಲಿ ಅವು ಕೂಗಿದರೆ ಮಕ್ಕಳಿಗೆ ಬೇಸಿಗೆ ರಜ ಬಂತು ಎಂದು ಅರ್ಥ.

ಒಂದು ರಾತ್ರಿ ಸ್ಪ್ರಿಂಗ್‌ಬ್ರೂಕ್ ಕಾಡಿನ ನ್ಯಾಚುರಲ್ ಬ್ರಿಡ್ಜ್‌ಗೆ ಕರೆದುಕೊಂಡು ಹೋಗಲು ಮಕ್ಕಳಿಗೆ ಹೇಳಿ. ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್. ಕಲ್ಲಿನ ಗುಹೆಯ ಮಾಡಿನ ತುಂಬ ನೀಲಿ ಹಸಿರು ಚುಕ್ಕಿ. ಮಿಂಚುಹುಳ ಅಂದುಕೊಳ್ಳಬೇಡಿ, ಇವು ಹಾರುವುದಿಲ್ಲ, ಮಿಣಮಿಣ ಎನ್ನುವುದೂ ಇಲ್ಲ. ಒಂದು ಬಗೆಯ ನೊಣದ ಮರಿ. ಅಂಟಿನ ದಾರ ಇಳಿಬಿಟ್ಟು, ಬೆಳಕು ತೋರಿಸಿ, ಬಂದ ಹುಳ ಹಿಡಿಯುತ್ತದೆ. ಅಲ್ಲಿ ಸೊಳ್ಳೆ ಮುಲಾಮು ಹಚ್ಚಿಕೊಂಡು ಒಳಗೆ ಹೋಗಬಾರದು, ಟಾರ್ಚನ್ನು ಕಾಲಬುಡಕ್ಕೆ ಮಾತ್ರ ಬಿಡಬೇಕು, ಫ್ಲಾಷ್ ಬೇಡ, ಗೋಡೆ ಮುಟ್ಟುವುದು ಬೇಡ. ಬೆಳಕು ಬಿದ್ದರೆ ಅವು ಆರಿಹೋಗುತ್ತವೆ. ಡಿಸೆಂಬರಿನಿಂದ ಮಾರ್ಚ್, ಮಳೆ ಬಿದ್ದ ದಿನಗಳಲ್ಲಿ ಹೆಚ್ಚು ಹೊಳೆಯುತ್ತವೆ.

ಹುಳದ ಮಾತು ಬಂದಾಗ ಇನ್ನೊಂದು. ನಮ್ಮ ಚಗಳಿ ಇರುವೆ, ಎಲೆ ಹೊಲಿದು ಗೂಡು ಕಟ್ಟುವುದು, ಅದೇ ಜಾತಿ ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲೂ ಇದೆ. ಅಲ್ಲಿ ಅದರ ಹೊಟ್ಟೆ ಹಸಿರು. ಅಲ್ಲಿನ ಮೂಲ ಜನರೂ ಅದನ್ನು ತಿನ್ನುತ್ತಾರೆ, ನೆಗಡಿ ಕೆಮ್ಮಿಗೆ ನೀರಿನಲ್ಲಿ ಹಿಂಡಿ ಕುಡಿಯುತ್ತಾರೆ. ನಿಂಬೆಹಣ್ಣಿನ ಹುಳಿ. ಪಾರ್ಕಿನ ಆ ಹಿರಿಯರಿಗೆ ನಾವು ಇದರ ಚಟ್ನಿ ಅರೆಯುತ್ತೇವೆ ಎಂದಾಗ ಮೊದಲ ಸಲ ಅವರು ನನ್ನ ತೋಳು ತಟ್ಟಿ ನಕ್ಕರು. ಬ್ರಿಸ್ಬೇನಿನಲ್ಲಿ ಮಾತ್ರ ಹುಡುಕಬೇಡಿ, ಅಷ್ಟು ದಕ್ಷಿಣಕ್ಕೆ ಅದು ಬರುವುದಿಲ್ಲ.

ಇದೆಲ್ಲ ಹೇಳಿ ಮುಗಿಸುವಾಗ ಫೋನ್ ಬಿಸಿಯಾಗಿತ್ತು. ನಾದಿನಿ ಎಲ್ಲವನ್ನೂ ಬರೆದುಕೊಂಡಳಂತೆ. ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಶೂ ತೊಳೆದು ಒಣಗಿಸಿದ್ದಾಳೆ, ಟೋಪಿ ಕೊಂಡಿದ್ದಾಳೆ, ಮೂರು ಬಣ್ಣದ ಪೆನ್ನೂ ಕೊಂಡಿದ್ದಾಳೆ. ಆಮೇಲೆ ದನಿ ತಗ್ಗಿಸಿ, "ಅತ್ತಿಗೆ, ಆ ಪಾರ್ಕಿನ ಅಜ್ಜಿಗೆ ಒಂದು ಸಣ್ಣ ಡಬ್ಬಿ ಚಗಳಿ ಚಟ್ನಿ ತಗೊಂಡು ಹೋಗ್ಲಾ? ಕಾರ್ಡಲ್ಲಿ ಬರೀತೀನಿ" ಎಂದಳು.

ಕಾರ್ಡಿನಲ್ಲಿ ಏನೆಂದು ಬರೆಯುತ್ತೀಯೆ ಎಂದು ಕೇಳಿದೆ. ಇನ್ನೂ ಯೋಚನೆ ಮಾಡುತ್ತಿದ್ದಾಳೆ.